ಎರಡು ಗೊರಸು, ಎರಡು ಲೆಕ್ಕ

2023 ಸೆಪ್ಟೆಂಬರ್ 3, ಭಾನುವಾರ
ಇಲವಾಲ

ಕಸ್ತೂರಿಯನ್ನು ಇವತ್ತು ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ ಸಾವಕಾಶವಾಗಿ ನೋಡಿದೆ. ಮುಂಗಾಲುಗಳ ಗೊರಸು ಎರಡೂ ಬೇರೆ ಬೇರೆ ಕುದುರೆಯವು ಎನ್ನುವಷ್ಟು ಬೇರೆ. ಎಡ ಗೊರಸು ಉದ್ದ, ಅಗಲ, ಚಪ್ಪಟೆ. ಮುಂತುದಿ ಮುಂದಕ್ಕೆ ಚಾಚಿಕೊಂಡಿದೆ, ಹಿಮ್ಮಡಿ ಕುಸಿದು ಒಳಕ್ಕೆ ಮಡಚಿದೆ. ಬಲದ್ದು ಕಿರಿದು, ನೆಟ್ಟಗೆ, ಹಿಮ್ಮಡಿ ಎತ್ತರ. ಪಕ್ಕಕ್ಕೆ ಕೂತು ನೋಡಿದರೆ ಎಡಗಾಲಿನ ದೋಷ ಸ್ಪಷ್ಟ. ಗಿಣ್ಣಿಗೂ ಗೊರಸಿಗೂ ನಡುವಿನ ಪಾಸ್ಟರ್ನ್ ಒಂದು ಇಳಿಜಾರಿನಲ್ಲಿ ಇಳಿದು ಬಂದು ಕೂದಲಂಚಿನ ಹತ್ತಿರ ಮುರಿಯುತ್ತದೆ, ಅಲ್ಲಿಂದ ಕೆಳಗೆ ಗೊರಸು ಇನ್ನೂ ಮಲಗಿದ ಇಳಿಜಾರಿನಲ್ಲಿ ಹೋಗುತ್ತದೆ. ಪಾಸ್ಟರ್ನಿನ ಮುಂಭಾಗದ ಗೆರೆ, ಗೊರಸಿನ ಮುಂಭಾಗದ ಗೆರೆ ಎರಡೂ ಒಂದೇ ನೇರದಲ್ಲಿ ನೆಲ ಮುಟ್ಟಬೇಕು. ಇಲ್ಲಿ ಮುಟ್ಟುತ್ತಿಲ್ಲ.

ಐದು ವರ್ಷದ ಥರೋಬ್ರೆಡ್ ಹೆಣ್ಣು ಕುದುರೆ. ರೇಸು ಬಿಟ್ಟು ಬಂದವಳು. ತಂದವರು "ಎಡ ಭುಜ ಹಿಡಿದಿದೆ ಮೇಡಂ, ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದೆವು" ಎಂದರು. ಮುಂಗಾಲಿನ ಹೆಜ್ಜೆ ಮೊಟಕಾದ ಕೂಡಲೇ ಎಲ್ಲರೂ ಭುಜವನ್ನೇ ಹಿಡಿಯುತ್ತಾರೆ. ಕಾಲು ಮುಂದಕ್ಕೆ ಚಾಚುವುದು ಭುಜದಿಂದ ಎಂದು ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೆ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಮುಂಗಾಲು ಕುಂಟುವ ಕುದುರೆಗಳಲ್ಲಿ ನೋವಿನ ಮೂಲ ಬಹುಪಾಲು ಸಿಕ್ಕಿದ್ದು ಮೊಣಕಾಲಿನಿಂದ ಕೆಳಗೆ, ಅದರಲ್ಲೂ ಗೊರಸಿನೊಳಗೆ. ದೇಹದ ಭಾರದಲ್ಲಿ ನೂರಕ್ಕೆ ಸುಮಾರು 60 ಭಾಗವನ್ನು ಹೊರುವುದು ಮುಂಗಾಲುಗಳೇ.

ನಡೆಸಿ ನೋಡಿದೆ, ದುಲ್ಕಿಯಲ್ಲಿ ಓಡಿಸಿ ನೋಡಿದೆ. ಎಡಗಾಲು ಊರುವಾಗ ತಲೆ ಮೇಲಕ್ಕೆ ಎಗರುತ್ತದೆ, ಬಲಗಾಲು ಊರುವಾಗ ಇಳಿಯುತ್ತದೆ. ಎಡಗೊರಸಿನ ಮುಂತುದಿ ಮೊದಲು ನೆಲಕ್ಕೆ ತಾಗುತ್ತಿದೆ. ಆರೋಗ್ಯವಂತ ಕುದುರೆ ಹಿಮ್ಮಡಿಯನ್ನೋ ಇಡೀ ಅಂಗಾಲನ್ನೋ ಊರುತ್ತದೆ. ಮುಂತುದಿ ಊರುವುದೆಂದರೆ ಹಿಮ್ಮಡಿ ಊರಲು ಅವಳಿಗೆ ಭಯ. ಜೊತೆಗೆ ಓಡುವಾಗ ಟಕ್ ಟಕ್ ಎಂದು ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು. ಮುಂಗಾಲು ನೆಲ ಬಿಡುವುದು ತಡವಾಗಿ, ಹಿಂದಿನಿಂದ ಬರುವ ಹಿಂಗಾಲಿನ ಲಾಳ ಅದಕ್ಕೆ ಬಡಿಯುತ್ತಿದೆ.

2023 ಸೆಪ್ಟೆಂಬರ್ 6, ಬುಧವಾರ

ಎಡಗಾಲಿನ ಹಿಮ್ಮಡಿಯ ಭಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮತ್ತೆ ಓಡಿಸಿದೆ. ತಲೆ ಎಗರುವುದು ನಿಂತಿತು, ಹೆಜ್ಜೆ ಉದ್ದವಾಯಿತು. ಭುಜದ ಮಾತು ಅಲ್ಲಿಗೆ ಮುಗಿಯಿತು.

ಸಂಜೆ ನನ್ನ ಹಳೆಯ ಸಹೋದ್ಯೋಗಿ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ತಂದರು. ಗೊರಸಿನೊಳಗಿನ ಕಾಫಿನ್ ಮೂಳೆಯ ತಳ ನೆಲಕ್ಕೆ ಕೆಲವು ಡಿಗ್ರಿ ಓರೆಯಾಗಿ, ಹಿಂಭಾಗ ತುಸು ಎತ್ತರದಲ್ಲಿ ಇರಬೇಕು. ಬಲಗಾಲಿನಲ್ಲಿ ಹಾಗೇ ಇದೆ. ಎಡಗಾಲಿನಲ್ಲಿ ಹೆಚ್ಚುಕಡಿಮೆ ನೆಲಕ್ಕೆ ಸಮ. ಅದರ ಹಿಂದಿರುವ ಪುಟ್ಟ ನ್ಯಾವಿಕ್ಯುಲರ್ ಮೂಳೆಯಲ್ಲಿ ಸವೆತದ ಗುರುತು ಇನ್ನೂ ಇಲ್ಲ. ಇದು ದೊಡ್ಡ ಸಮಾಧಾನ.

ಮೂಳೆ ಸಮವಾಗಿ ಮಲಗಿದರೆ ಏನಾಗುತ್ತದೆ ಎಂಬುದನ್ನು ಲಾಯದ ಹುಡುಗನಿಗೆ ತೋರಿಸಿಕೊಟ್ಟೆ. ಕಾಲಿನ ಹಿಂಭಾಗದಲ್ಲಿ ಇಳಿದು ಬರುವ ಆಳದ ಸ್ನಾಯುರಜ್ಜು ಆ ಪುಟ್ಟ ನ್ಯಾವಿಕ್ಯುಲರ್ ಮೂಳೆಯ ಕೆಳಗೆ ಬಾಗಿ ಹೋಗಿ ಕಾಫಿನ್ ಮೂಳೆಗೆ ಅಂಟಿಕೊಳ್ಳುತ್ತದೆ. ಮುಂತುದಿ ಉದ್ದವಾದಷ್ಟೂ, ಹಿಮ್ಮಡಿ ಕುಸಿದಷ್ಟೂ ಆ ರಜ್ಜು ಬಿಗಿಯಾಗಿ ಮೂಳೆಯನ್ನು ಒತ್ತುತ್ತದೆ. 2004ರಲ್ಲಿ ಬ್ರಿಟನ್ನಿನಲ್ಲಿ ಆರೋಗ್ಯವಂತ ಕುದುರೆಗಳನ್ನು ಓಡಿಸಿ ಅಳೆದವರು ಕಾಫಿನ್ ಮೂಳೆಯ ಕೋನ ಒಂದು ಡಿಗ್ರಿ ಹೆಚ್ಚಾದರೆ ನ್ಯಾವಿಕ್ಯುಲರ್ ಮೇಲಿನ ಒತ್ತಡ ಸುಮಾರು ನೂರಕ್ಕೆ 4 ಭಾಗ ಇಳಿಯುತ್ತದೆ ಎಂದು ಕಂಡರು. ಅದಕ್ಕೂ ಮುಂಚೆ, 1999ರಲ್ಲಿ, ನೆದರ್ಲೆಂಡ್ಸ್‌ನವರು 6 ಡಿಗ್ರಿಯ ಬೆಣೆಯನ್ನು ಹಿಮ್ಮಡಿಯ ಕೆಳಗಿಟ್ಟು ನೋಡಿದ್ದರು. ಒತ್ತಡ ನೂರಕ್ಕೆ 24 ಭಾಗ ಇಳಿದಿತ್ತು. ಬೇರೆ ಬೇರೆ ಕುದುರೆ, ಬೇರೆ ಬೇರೆ ವಿಧಾನ, ಆದರೂ ಎರಡು ಲೆಕ್ಕಗಳೂ ಹೊಂದುತ್ತವೆ. ಒಂದೊಂದು ಡಿಗ್ರಿಗೂ ಬೆಲೆಯಿದೆ ಎಂದು ಹುಡುಗನಿಗೆ ಹೇಳಿದಾಗ ಅವನು ಗೊರಸನ್ನೇ ಬಹಳ ಹೊತ್ತು ನೋಡಿದ.

2023 ಸೆಪ್ಟೆಂಬರ್ 17, ಭಾನುವಾರ

ನಾಳೆ ಹಬ್ಬ. ಆದರೂ ಚಾಚಾ ಬೆಳಗ್ಗೆ ಏಳಕ್ಕೇ ಬಂದರು. ತಂದೆಯ ಕಾಲದಿಂದ ಟಾಂಗಾ ಮನೆತನ. ಲಾಳ ಕಟ್ಟುವುದನ್ನು ಮೊದಲು ಮನೆಯಲ್ಲಿ, ಆಮೇಲೆ ರೇಸಿನ ಲಾಯಗಳಲ್ಲಿ ಕಲಿತವರು. ಮೈಸೂರಿನ ಸುತ್ತಮುತ್ತ ನಾನು ನಂಬುವ ಕೈ ಅವರದು.

ಬಂದವರು ಕಾಲೆತ್ತಿ ನೋಡಲಿಲ್ಲ. "ಮೊದ್ಲು ನಡೆಸಿ" ಎಂದರು. ಧೂಳಿನ ಹಾದಿಯಲ್ಲಿ ಆ ಕಡೆ, ಈ ಕಡೆ ನಡೆಸಿದ ಮೇಲೆ ಬಗ್ಗಿ ಹೆಜ್ಜೆ ಗುರುತುಗಳನ್ನು ನೋಡಿದರು. ಎಡಗೊರಸಿನ ಗುರುತಿನಲ್ಲಿ ಮುಂತುದಿಯ ಕಡೆ ಮಣ್ಣು ಆಳಕ್ಕೆ ಒತ್ತಿತ್ತು, ಹಿಮ್ಮಡಿಯ ಕಡೆ ಅಚ್ಚೇ ಸರಿಯಾಗಿ ಮೂಡಿರಲಿಲ್ಲ. ಎಕ್ಸ್‌ರೇ ಫಲಕವನ್ನು ನಾನು ತೋರಿಸುವ ಮುಂಚೆಯೇ "ಹಿಮ್ಮಡಿ ಉಳಿಸ್ಕೊಂಡು ನಡೀತಾವ್ಳೆ" ಎಂದರು.

ಆಮೇಲೆ ಹಳೆಯ ಲಾಳ ಬಿಚ್ಚಿ ಬೆಳಕಿಗೆ ಹಿಡಿದು ಓದಿದರು. ಬಿಚ್ಚಿದ ಲಾಳವನ್ನು ನೋಡದೆ ಬುಟ್ಟಿಗೆ ಎಸೆಯುವವರ ಕೈಗೆ ನಾನು ಕುದುರೆ ಕೊಡುವುದಿಲ್ಲ. ಗೊರಸು ನೆಲದೊಂದಿಗೆ ನಡೆಸಿದ ವ್ಯವಹಾರವೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಕಸ್ತೂರಿಯ ಎಡ ಲಾಳದ ಮುಂತುದಿ ನಡುವಿನಿಂದ ತುಸು ಹೊರಗಡೆಗೆ ತೆಳ್ಳಗಾಗಿತ್ತು. ಅವಳು ಕಾಲನ್ನು ಎತ್ತುವುದು ಅಲ್ಲಿಂದ. ಗೊರಸಿಗೆ ಅಂಟಿಕೊಂಡಿದ್ದ ಮೇಲ್ಮೈಯಲ್ಲಿ, ಹಿಮ್ಮಡಿ ಕೂರುವ ಜಾಗದಲ್ಲಿ, ಬಲ ಲಾಳಕ್ಕೆ ಹೊಳೆಯುವ ಸಣ್ಣ ಗೀರುಗಳಿದ್ದವು. ಭಾರ ಬಿದ್ದಾಗಲೆಲ್ಲ ಹಿಮ್ಮಡಿ ಹೊರಕ್ಕೆ ಅಗಲಿ, ಭಾರ ಎದ್ದಾಗ ಮತ್ತೆ ಕೂಡುತ್ತದೆ. ಆ ಉಜ್ಜಾಟದ ಗುರುತು ಅದು. ಎಡ ಲಾಳದಲ್ಲಿ ಆ ಹೊಳಪು ಬಹಳ ಕಡಿಮೆ. ಬಳಸದ ಹಿಮ್ಮಡಿ ಅಗಲುವುದೂ ಇಲ್ಲ. ಮೊಳೆಗಳನ್ನು ಯಾಕೆ ಗೊರಸಿನ ಅತಿ ಅಗಲದ ಜಾಗ ದಾಟಿ ಹಿಂದಕ್ಕೆ ಹೊಡೆಯಬಾರದು ಎನ್ನುವುದಕ್ಕೂ ಇದೇ ಕಾರಣ. ಹಿಂದೆ ಹೊಡೆದರೆ ಆ ಅಗಲುವಿಕೆ ಕಟ್ಟಿಹೋಗುತ್ತದೆ.

ನಮ್ಮಿಬ್ಬರ ಚರ್ಚೆ ನಡೆದದ್ದು ಬೆಣೆಯ ವಿಷಯದಲ್ಲಿ. ಮೊನ್ನೆ ಬರೆದ ಆ 24 ಭಾಗದ ಲೆಕ್ಕವನ್ನು ಹೇಳಿದೆ. ಅವರು ಒಪ್ಪಿದರು, ಆದರೆ ಬೆಣೆ ಬೇಡ ಎಂದರು.

"ಬೆಣೆ ಕೊಟ್ರೆ ನಾಳೆಯಿಂದ್ಲೇ ಚೆನ್ನಾಗಿ ನಡೀತಾಳೆ ಡಾಕ್ಟ್ರಮ್ಮ. ಆದ್ರೆ ಭಾರ ಎಲ್ಲಾ ಅದೇ ಹಿಮ್ಮಡಿ ಮೇಲೆ ಕೂರ್ತದೆ. ಆರು ತಿಂಗಳಿಗೆ ಇರೋ ಹಿಮ್ಮಡೀನೂ ಹೋಯ್ತದೆ. ಹಿಮ್ಮಡಿ ಕೆಟ್ಟಿರೋದು ಹಿಮ್ಮಡೀಲಿ ಅಲ್ಲ, ಮುಂದೆ. ಮುಂದೆ ಎಳೀತಾ ಐತೆ, ಅದಕ್ಕೆ ಹಿಂದೆ ಕುಸಿದೈತೆ."

ಪುಸ್ತಕಗಳು ಹೇಳುವುದೂ ಇದನ್ನೇ. ತೀವ್ರ ನೋವಿದ್ದಾಗ ಬೆಣೆ ಸ್ವಲ್ಪ ದಿನದ ಉಪಾಯ. ಕುಸಿದ ಹಿಮ್ಮಡಿಯ ಕೆಳಗೆ ಅದನ್ನು ಉಳಿಸಿಕೊಂಡರೆ ಗೊರಸಿನ ಗೋಡೆಯ ಕೊಂಬಿನ ನಳಿಕೆಗಳು ಇನ್ನಷ್ಟು ನಜ್ಜುಗುಜ್ಜಾಗುತ್ತವೆ. ಕಸ್ತೂರಿಯ ನೋವು ಅಷ್ಟು ತೀವ್ರವಲ್ಲ, ಮೂಳೆ ಚೆನ್ನಾಗಿದೆ, ಕಾಯುವುದಕ್ಕೆ ನಮಗೆ ಸಮಯವಿದೆ.

ಚಾಚಾ ಮಾಡಿದ್ದು ಇಷ್ಟು. ಹಿಮ್ಮಡಿಯಲ್ಲಿ ಮಡಚಿದ ಕೊಂಬನ್ನು ಮಾತ್ರ ತೆಗೆದು ಗಟ್ಟಿ ಭಾಗ ಸಿಗುವವರೆಗೆ ತಂದರು. ಅಂಗಾಲನ್ನು ಮುಟ್ಟಲಿಲ್ಲ. ಮುಂತುದಿಯನ್ನು ಕೆಳಗಿನಿಂದ ಕತ್ತರಿಸುವ ಬದಲು ಮುಂಭಾಗದಿಂದ ಅರ ಹಾಕಿ ಹಿಂದಕ್ಕೆ ತಂದರು. ಲಾಳದ ಮುಂತುದಿಯನ್ನು ಅಡಿಗಲ್ಲಿನ ಮೇಲೆ ಬಡಿದು ದುಂಡು ಮಾಡಿ, ಗೊರಸಿನ ಅಂಚಿಗಿಂತ ಒಳಗೆ ಕೂರಿಸಿದರು. ಲಾಳದ ತೋಳುಗಳನ್ನು ಹಿಂದಕ್ಕೆ ಉದ್ದ ಬಿಟ್ಟು, ಅಂಗಾಲಿನ ನಡುವಿನ ಮೆತ್ತನೆಯ ತ್ರಿಕೋನ ಭಾಗವಾದ ಫ್ರಾಗ್ ಅತಿ ಅಗಲವಾಗಿರುವ ಜಾಗದ ಆಚೆಗೂ ಆಸರೆ ಸಿಗುವ ಹಾಗೆ ನೋಡಿಕೊಂಡರು. ಗೊರಸಿನ ಅತಿ ಅಗಲದ ಜಾಗದಲ್ಲಿ ಅಡ್ಡ ಗೆರೆ ಎಳೆದರೆ ಆ ಗೆರೆಯ ಮುಂದೆ ಎಷ್ಟು ಗೊರಸಿದೆಯೋ ಹಿಂದೆಯೂ ಸುಮಾರು ಅಷ್ಟೇ ಇರಬೇಕು. ಬಿಚ್ಚಿದಾಗ ಮುಂದೆ ಎರಡು ಪಾಲು, ಹಿಂದೆ ಒಂದು ಪಾಲು ಇತ್ತು. ಕಟ್ಟಿದ ಮೇಲೆ ಅಳೆದೆ, ಪೂರ್ತಿ ಸಮ ಆಗಿಲ್ಲ. ಒಂದೇ ದಿನದಲ್ಲಿ ಆಗಬಾರದು ಕೂಡ.

ಹಿಮ್ಮಡಿ ನೆಲ ಬಿಟ್ಟ ಕ್ಷಣದಿಂದ ಮುಂತುದಿ ನೆಲ ಬಿಡುವ ಕ್ಷಣದವರೆಗಿನ ಅವಧಿಗೆ ಬ್ರೇಕ್‌ಓವರ್ ಎನ್ನುತ್ತಾರೆ. ಉದ್ದ ಮುಂತುದಿಯ ಕುದುರೆಗೆ ಅದು ದೊಡ್ಡ ಅಳತೆಯ ಬೂಟು ಹಾಕಿಕೊಂಡು ಮೆಟ್ಟಿಲು ಹತ್ತಿದಂತೆ, ಪ್ರತಿ ಹೆಜ್ಜೆಗೂ ತೊಡಕು. ಮುಂತುದಿ ಉದ್ದ ಬಿಟ್ಟರೆ ದಾಪು ಉದ್ದವಾಗುತ್ತದೆ ಎಂದು ರೇಸಿನ ಲಾಯಗಳಲ್ಲಿ ನಂಬಿಕೆಯಿದೆ. ಸಂಶೋಧಕಿ ಹಿಲರಿ ಕ್ಲೇಟನ್ ಅದನ್ನು ಕುದುರೆಗಳ ದುಲ್ಕಿಯಲ್ಲೇ ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದರು. ದಾಪು ಉದ್ದವಾಗಲಿಲ್ಲ, ಬ್ರೇಕ್‌ಓವರ್ ಮಾತ್ರ ಉದ್ದವಾಯಿತು. ಇಷ್ಟು ವರ್ಷಗಳಾದರೂ ಆ ನಂಬಿಕೆ ಸಾಯದೆ ಎಳೆಯ ಕುದುರೆಗಳ ಕಾಲು ಕೆಡಿಸುತ್ತಿದೆ ಎಂಬುದು ನನಗೆ ನಿಜಕ್ಕೂ ಸಂಕಟದ ವಿಷಯ.

2023 ಅಕ್ಟೋಬರ್ 24, ಮಂಗಳವಾರ

ವಿಜಯದಶಮಿ. ಸಯ್ಯಾಜಿರಾವ್ ರಸ್ತೆಯಲ್ಲಿ ಪರಿಚಯದವರ ಮಹಡಿಯಿಂದ ಜಂಬೂಸವಾರಿ ನೋಡಿದೆ. 750 ಕಿಲೋ ಅಂಬಾರಿ ಹೊತ್ತ ಆನೆ ಅಭಿಮನ್ಯುವಿನ ಮೇಲೆ ಎಲ್ಲರ ಕಣ್ಣು. ನಾನು ಅಶ್ವಾರೋಹಿ ಪೊಲೀಸರ ಕುದುರೆಗಳ ಕಾಲು ನೋಡುತ್ತಿದ್ದೆ. ಡಾಂಬರಿನ ಮೇಲೆ ಒಂದರ ಹಿಂದೆ ಒಂದು ಬರುವಾಗ ಗೊರಸಿನ ಸದ್ದು ಕೇಳಿಸಿಕೊಂಡರೆ ಕಣ್ಣಿಗಿಂತ ಮೊದಲು ಕಿವಿಗೆ ವ್ಯತ್ಯಾಸ ತಿಳಿಯುತ್ತದೆ. ನಡಿಗೆಯಲ್ಲಿ ನಾಲ್ಕು ಬಡಿತ, ನಡುವಿನ ಬಿಡುವು ಸಮ. ಒಂದು ಬಡಿತ ಮೆಲ್ಲಗಾದರೆ, ಅಥವಾ ಅದರ ನಂತರದ ಬಿಡುವು ಕಿರಿದಾದರೆ, ಆ ಕಾಲು ನೆಲದಿಂದ ಬೇಗ ತಪ್ಪಿಸಿಕೊಳ್ಳುತ್ತಿದೆ ಎಂದು ಅರ್ಥ. ಇವತ್ತು ಕಿವಿಗೊಟ್ಟಷ್ಟು ಹೊತ್ತೂ ಬಡಿತ ಸಮವಾಗಿಯೇ ಇತ್ತು. ಗದ್ದಲ, ಪಟಾಕಿ, ಬಿಸಿ ರಸ್ತೆ ಇವುಗಳ ನಡುವೆ ಹೀಗೆ ನಡೆಯುವ ಕುದುರೆಯ ಹಿಂದೆ ಲಾಯದಲ್ಲಿ ದಿನವೂ ಕಾಲು ಎತ್ತಿ ತೊಳೆಯುವ ಯಾರೋ ಇರುತ್ತಾರೆ. ಮೆರವಣಿಗೆಯಲ್ಲಿ ಅವರ ಮುಖ ಕಾಣುವುದಿಲ್ಲ.

ಕಸ್ತೂರಿಗೆ ಮೊನ್ನೆ ಎರಡನೆಯ ಲಾಳ. ಟಕ್ ಟಕ್ ಸದ್ದು ನಿಂತಿದೆ.

2023 ನವೆಂಬರ್ 19, ಭಾನುವಾರ

ಇವತ್ತು ಬಂದ ರೈಡಿಂಗ್ ಶಿಕ್ಷಕರು ಒಳ್ಳೆಯವರು, ಕುದುರೆ ಬಲ್ಲವರು. ಕಸ್ತೂರಿಯನ್ನು ಎದುರಿನಿಂದ ನೋಡಿ "ಎರಡೂ ಗೊರಸು ಒಂದೇ ಥರ ಮಾಡಿಸಿಬಿಡಿ ಮೇಡಂ. ಬಲಗಡೆ ಹಿಮ್ಮಡಿ ಇಳಿಸಿ, ಎಡಗಡೆ ಎತ್ತಿದರೆ ಸಮ ಆಗುತ್ತದೆ" ಎಂದರು.

ಈ ಮಾತನ್ನು ಎಷ್ಟು ಜನರಿಂದ ಕೇಳಿದ್ದೇನೆ! ಸಮತೋಲ ಎಂದ ಕೂಡಲೇ ಮನಸ್ಸು ಜೋಡಿಯನ್ನು ಹುಡುಕುತ್ತದೆ. ಆದರೆ ಗೊರಸು ಹೊಂದಬೇಕಾದದ್ದು ಪಕ್ಕದ ಗೊರಸಿಗಲ್ಲ, ತನ್ನ ಮೇಲಿರುವ ಕಾಲಿಗೆ. ಬಲಗಾಲಿನ ಪಾಸ್ಟರ್ನ್ ನೆಟ್ಟಗಿದೆ, ಅದಕ್ಕೆ ನೆಟ್ಟನೆಯ ಗೊರಸೇ ಸರಿ. ಅದರ ಹಿಮ್ಮಡಿ ಕತ್ತರಿಸಿ ಎಡದ್ದಕ್ಕೆ ಸಮ ಮಾಡಿದರೆ ಕಣ್ಣಿಗೆ ಸಮ ಕಾಣಬಹುದು, ಒಳಗೆ ಬಲಗಾಲಿನ ಆಳದ ರಜ್ಜು ಬಿಗಿಯುತ್ತದೆ. ಒಂದು ಕಾಲು ಕುಂಟುತ್ತಿದ್ದ ಕುದುರೆ ಎರಡು ಕಾಲೂ ಕುಂಟತೊಡಗುತ್ತದೆ, ಎರಡೂ ಸಮವಾಗಿ ನೋಯುವುದರಿಂದ ತಲೆ ಎಗರುವುದೂ ನಿಲ್ಲುತ್ತದೆ, ಕುದುರೆ ವಾಸಿಯಾಯಿತು ಎಂದು ಜನ ನಂಬುತ್ತಾರೆ. ಬರೀ ಹೆಜ್ಜೆ ಮೊಟಕಾಗಿರುತ್ತದೆ, ಬೆನ್ನು ಬಿಗಿದಿರುತ್ತದೆ, ಆಗ ಅದಕ್ಕೆ ಸೋಮಾರಿ ಎಂಬ ಹೆಸರು. ಇದಕ್ಕಿಂತ ದೊಡ್ಡ ಅನ್ಯಾಯ ಒಂದು ಕುದುರೆಗೆ ಬೇರೆ ಇಲ್ಲ.

ಶಿಕ್ಷಕರಿಗೆ ಮೇವಿನ ಜಾಗ ತೋರಿಸಿದೆ. ಕಸ್ತೂರಿ ನೆಲದಲ್ಲಿ ಮೇಯುವಾಗ ಎಡಗಾಲು ಯಾವಾಗಲೂ ಮುಂದೆ, ಬಲಗಾಲು ಹಿಂದೆ. ಮುಂದಿಟ್ಟ ಕಾಲಿನ ಗೊರಸು ಚಪ್ಪಟೆಯಾಗುತ್ತದೆ, ಹಿಂದಿಟ್ಟದ್ದು ನೆಟ್ಟಗಾಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಮರಿಗಳನ್ನು ಹುಟ್ಟಿದಾಗಿನಿಂದ ಗಮನಿಸಿ 2006ರಲ್ಲಿ ಇದನ್ನು ಬರೆದರು. ಕಾಲು ಉದ್ದ, ತಲೆ ಚಿಕ್ಕದು ಇರುವ ಮರಿಗಳಿಗೆ ನೆಲ ಎಟುಕದೆ ಒಂದೇ ಕಾಲನ್ನು ಮುಂದಿಡುವ ಅಭ್ಯಾಸ ಬೀಳುತ್ತದೆ, ಗೊರಸುಗಳ ವ್ಯತ್ಯಾಸ ಅಲ್ಲಿಂದ ಶುರು. ಕಸ್ತೂರಿಯ ಎಡ ಗೊರಸಿನ ಮೇಲೆ ರೇಸಿನ ಉದ್ದ ಮುಂತುದಿ ಬಂದು ಸೇರಿಕೊಂಡದ್ದು ಆಮೇಲೆ. ಎರಡನೆಯದನ್ನು ನಾವು ತಿದ್ದಬಹುದು. ಮೊದಲನೆಯದು ಅವಳ ಮೈಕಟ್ಟು.

ಹುಲ್ಲನ್ನು ಇನ್ನು ಮೇಲೆ ನೆಲದ ಮೇಲೆ ಒಂದೇ ಗುಡ್ಡೆ ಹಾಕದೆ, ಹರಡಿ, ಸ್ವಲ್ಪ ಭಾಗ ಮಂಡಿ ಎತ್ತರದ ತೊಟ್ಟಿಯಲ್ಲಿ ಹಾಕಲು ಹುಡುಗನಿಗೆ ಹೇಳಿದ್ದೇನೆ.

2024 ಜನವರಿ 15, ಸೋಮವಾರ

ಸಂಕ್ರಾಂತಿ. ಮಳೆ ಕೈಕೊಟ್ಟ ವರ್ಷ. ಊರಿನ ಸುತ್ತ ನೆಲ ಕಲ್ಲಾಗಿದೆ, ಕೆಂಪು ಮಣ್ಣು ಪುಡಿಪುಡಿ. ಸಂಜೆ ಕಿಚ್ಚು ಹಾಯಿಸಲು ದನಗಳನ್ನು ಹೊಡೆದುಕೊಂಡು ಹೋಗುವಾಗ ಅವುಗಳ ಗೊರಸಿನಲ್ಲೂ ಬಿರುಕು ಕಂಡೆ.

ಕಸ್ತೂರಿಯ ಬಲ ಲಾಳ ಕಳೆದ ವಾರ ಕಿತ್ತು ಬಂತು, ಜೊತೆಗೆ ಅಂಚಿನ ಕೊಂಬೂ ಸೀಳಿತು. ಚಾಚಾ ಮೊಳೆಗಳನ್ನು ಸಣ್ಣದು ಮಾಡಿ, ಹೊಸ ಜಾಗ ಹುಡುಕಿ ಹೊಡೆದರು. ಅಗತ್ಯವಿಲ್ಲದೆ ಎಣ್ಣೆ ಬಳಿಯಬೇಡ ಎಂದು ಹುಡುಗನಿಗೆ ಮತ್ತೆ ಹೇಳಬೇಕಾಯಿತು. ಹೊಳಪು ಬರುತ್ತದೆ, ಬಲ ಬರುವುದಿಲ್ಲ.

2024 ಫೆಬ್ರುವರಿ 11, ಭಾನುವಾರ

ಅರಮನೆಯ ಹತ್ತಿರ ಟಾಂಗಾಗಳು ನಿಲ್ಲುವ ಜಾಗಕ್ಕೆ ಚಾಚಾರ ಜೊತೆ ಹೋಗಿದ್ದೆ. ಅವರ ಸಂಬಂಧಿಯೊಬ್ಬರ ಗಂಡು ಕುದುರೆ, ಬೂದು ಬಣ್ಣ, ಮಾರ್ವಾಡಿ ಮಿಶ್ರ ತಳಿ ಇರಬಹುದು, ಬಲ ಮುಂಗಾಲಿನಲ್ಲಿ ಎಡವುತ್ತಿದೆ. ಇದು ಕಸ್ತೂರಿಯ ತೊಂದರೆಯಲ್ಲ. ಇದರ ಗೊರಸನ್ನು ಪಕ್ಕದಿಂದ ನೋಡಿದರೆ ದೋಷವಿಲ್ಲ, ಎದುರಿನಿಂದ ನೋಡಿದರೆ ಇದೆ. ಹೊರಗೋಡೆ ಎತ್ತರ, ಒಳಗೋಡೆ ಗಿಡ್ಡ. ಕೂದಲಂಚು ಒಂದು ಕಡೆಗೆ ವಾಲಿದೆ. ಒಳಹಿಮ್ಮಡಿ ಮೇಲಕ್ಕೆ ಒತ್ತಿಕೊಂಡು ಹೋಗಿ ಎರಡು ಹಿಮ್ಮಡಿಗಳ ಉಬ್ಬುಗಳು ಬೇರೆ ಬೇರೆ ಎತ್ತರದಲ್ಲಿವೆ.

ನಡೆಯುವಾಗ ಕೆಳಗೆ ಕೂತು ನೋಡಿದೆ. ಹೊರ ಅಂಚು ಮೊದಲು ಬಡಿಯುತ್ತದೆ, ಆಮೇಲೆ ಇಡೀ ಭಾರ ಒಳಹಿಮ್ಮಡಿಯ ಮೇಲೆ ಧಪ್ಪೆಂದು ಬೀಳುತ್ತದೆ. ಹೊರ ಅಂಚು ಮೊದಲು ತಾಗುವುದು ತಾನಾಗಿಯೇ ರೋಗವಲ್ಲ, ಬಹಳಷ್ಟು ಕುದುರೆಗಳು ಹಾಗೇ ಊರುತ್ತವೆ. ಚೆನ್ನಾಗಿ ಕೆತ್ತಿದ ಮೇಲೂ ಹಾಗೇ ಊರುತ್ತವೆ, ಆದರೆ ಊರಿದ ಮೇಲೆ ಇಡೀ ಗೊರಸು ನೆಲಕ್ಕೆ ಕೂರುವ ಹೊತ್ತು ಕಿರಿದಾಗುತ್ತದೆ. ಈ ಬಡ ಕುದುರೆಗೆ ಆ ಹೊತ್ತು ಬರಿಗಣ್ಣಿಗೆ ಕಾಣುವಷ್ಟು ಉದ್ದ. ಡಾಂಬರಿನ ಮೇಲೆ, ಗಾಡಿಯ ಭಾರದೊಂದಿಗೆ, ದಿನವಿಡೀ.

ಕಾರಣ ಸರಳ. ಲಾಳ ಕಟ್ಟಿಸಿ ಬಹಳ ವಾರಗಳಾಗಿದ್ದವು. ಗೊರಸು ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಲಾಳದ ಕೆಳಗೆ ಮುಂತುದಿ ಸವೆಯುವುದೇ ಇಲ್ಲ, ಹಿಮ್ಮಡಿ ಮಾತ್ರ ಅಗಲಿ ಕೂಡುತ್ತಾ ಲೋಹಕ್ಕೆ ಉಜ್ಜಿ ಸವೆಯುತ್ತದೆ. ಹೀಗಾಗಿ ಎಷ್ಟೇ ಚೆನ್ನಾಗಿ ಕಟ್ಟಿದರೂ ಎಂಟು ವಾರದ ಹೊತ್ತಿಗೆ ಕೋನ ಕೆಲವು ಡಿಗ್ರಿ ಇಳಿದಿರುತ್ತದೆ. ಎಂಥ ಲಾಳ, ಎಷ್ಟು ಡಿಗ್ರಿ ಎಂದು ಜನ ನನ್ನನ್ನು ಕೇಳುತ್ತಾರೆ. ಮುಂದಿನ ಸಲ ಯಾವತ್ತು ಎಂದು ಕೇಳುವವರು ಕಡಿಮೆ. ಐದಾರು ವಾರಕ್ಕೊಮ್ಮೆ ಸಾಧಾರಣ ಕೈ ಮಾಡಿದ ಕೆಲಸ ಮೂರು ತಿಂಗಳಿಗೊಮ್ಮೆ ಮಹಾ ಕುಶಲಿ ಮಾಡಿದ್ದಕ್ಕಿಂತ ಮೇಲು.

ಆದರೆ ಟಾಂಗಾದವರಿಗೆ ಈ ಮಾತು ಹೇಳುವುದು ನನಗೆ ಸುಲಭವಲ್ಲ. ಪ್ರವಾಸಿಗರು ಬಂದ ದಿನ ಸಂಪಾದನೆ, ಬಾರದ ದಿನ ಹುಲ್ಲಿನ ಖರ್ಚು ಮಾತ್ರ. ಲಾಳ ಒಂದೆರಡು ವಾರ ಮುಂದೆ ಹೋಗುವುದು ಅಲ್ಲಿಂದಲೇ. ಕುದುರೆಯ ಕೊರಳು ತಬ್ಬಿಕೊಂಡು ಮಾತಾಡಿಸುತ್ತಿದ್ದ ಆ ಮನುಷ್ಯನಿಗೆ ಪ್ರೀತಿ ಕಡಿಮೆಯಿಲ್ಲ. "ಕಾಲಿಗೇ ಅಲ್ವಾ ಡಾಕ್ಟ್ರೇ ನಾವು ಅನ್ನ ತಿನ್ನೋದು" ಎಂದರು. ಚಾಚಾ ದುಡ್ಡು ತೆಗೆದುಕೊಳ್ಳದೆ ಕಟ್ಟಿಕೊಟ್ಟರು. ಹೊರಗೋಡೆಯನ್ನು ಒಂದೇ ಸಲ ಇಳಿಸಲಿಲ್ಲ, ಸ್ವಲ್ಪ ಇಳಿಸಿ ಉಳಿದದ್ದನ್ನು ಮುಂದಿನ ಸಲಕ್ಕೆ ಬಿಟ್ಟರು.

ಅದು ಯಾಕೆ ಮುಖ್ಯ ಎಂದರೆ, ದೊಡ್ಡ ಕುದುರೆಯ ಕಾಲನ್ನು ಗೊರಸಿನ ಮೂಲಕ ನೇರ ಮಾಡಲು ಹೋಗಬಾರದು. ಮರಿಗಳ ಮಾತು ಬೇರೆ. ಹೆಬ್ಬಾಳದ ಕಾಲೇಜಿನಲ್ಲಿ ಓದುತ್ತಿದ್ದಾಗ ನಮ್ಮನ್ನು ಕುಣಿಗಲ್‌ಗೆ, ಟಿಪ್ಪುವಿನ ಕಾಲದಿಂದ ಕುದುರೆ ಸಾಕುತ್ತಾ ಬಂದ ಆ ಫಾರಂಗೆ, ಕರೆದುಕೊಂಡು ಹೋಗಿದ್ದರು. ವಾರಗಳ ಮರಿಯ ಗೊರಸಿಗೆ ಅರ ಹಾಕುವುದನ್ನು ಅಲ್ಲೇ ಮೊದಲು ಕಂಡದ್ದು. ಗೊರಸಿನ ಮೇಲಿನ ಗಿಣ್ಣಿನ ಬೆಳವಣಿಗೆ ಮೊದಲ ಕೆಲವು ತಿಂಗಳಲ್ಲೇ ಬಹುಪಾಲು ಮುಗಿಯುತ್ತದೆ, ಅಷ್ಟರೊಳಗೆ ಮಾತ್ರ ಕೆತ್ತನೆಯಿಂದ ಓರೆ ತಿದ್ದಬಹುದು. ಆಮೇಲೆ ಮೂಳೆ ಬಗ್ಗುವುದಿಲ್ಲ, ಕೀಲು ಒಂದು ಕಡೆ ಹಿಚುಕಿಕೊಳ್ಳುತ್ತದೆ ಅಷ್ಟೆ. ಬೂದು ಕುದುರೆಯ ಕಾಲು ಹುಟ್ಟಿನಿಂದ ತುಸು ಒಳಕ್ಕೆ ತಿರುಗಿದೆ. ಅದರ ಗೊರಸು ಆ ಒಳತಿರುವಿಗೆ ತಕ್ಕ ಹಾಗೆ ಇರಬೇಕು.

2024 ಏಪ್ರಿಲ್ 9, ಮಂಗಳವಾರ

ಯುಗಾದಿ. ಬೇವು ಬೆಲ್ಲ ಲಾಯಕ್ಕೂ ತೆಗೆದುಕೊಂಡು ಹೋದೆ, ಬೆಲ್ಲ ಮಾತ್ರ ಸ್ವೀಕಾರವಾಯಿತು.

ಎಡಗೊರಸಿನ ಗೋಡೆಯಲ್ಲಿ ಈಗ ಒಂದು ಸ್ಪಷ್ಟ ಮುರಿವು ಕಾಣುತ್ತದೆ. ಮೇಲಿನಿಂದ ಇಳಿದ ಹೊಸ ಕೊಂಬು ಪಾಸ್ಟರ್ನಿನ ಇಳಿಜಾರಿನಲ್ಲೇ ಬಂದಿದೆ. ಕೆಳಗಿನ ಹಳೆಯ ಕೊಂಬು ಇನ್ನೂ ಮುಂದಕ್ಕೆ ಓಡುತ್ತಿದೆ. ಹೊಸದು ಮೂರರಲ್ಲಿ ಎರಡು ಪಾಲು ಇಳಿದಿದೆ. ಸೆಪ್ಟೆಂಬರಿನಲ್ಲಿ ಚಾಚಾ ಹಿಂದಕ್ಕೆ ತಂದ ಮುಂತುದಿಗೆ ಗೊರಸು ಕೊಟ್ಟ ಉತ್ತರ ಅದು. ಉದ್ದ ಹಗ್ಗದಲ್ಲಿ ಬಲಕ್ಕೆ ಸುತ್ತು ಬಿಟ್ಟಾಗ ಯಾವ ತೊಂದರೆಯೂ ಇಲ್ಲ. ಎಡಕ್ಕೆ, ಗಟ್ಟಿ ನೆಲದಲ್ಲಿ, ಇನ್ನೂ ತುಸು ತಲೆ ಎತ್ತುತ್ತಾಳೆ. ಒಳಗಡೆಯ ಕಾಲಿಗೆ ಸುತ್ತಿನಲ್ಲಿ ಭಾರ ಓರೆಯಾಗಿ ಬೀಳುವುದರಿಂದ ಉಳಿದ ನೋವೆಲ್ಲ ಅಲ್ಲಿ ಹೊರಬರುತ್ತದೆ. ಸವಾರಿ ನೇರ ದಾರಿಯಲ್ಲಿ ಮಾತ್ರ, ಸುತ್ತು ಸದ್ಯಕ್ಕೆ ಬೇಡ.

2024 ಜುಲೈ 28, ಭಾನುವಾರ

ಹೋದ ವರ್ಷದ ಬರ ಮರೆತುಹೋಗುವಂತೆ ಮಳೆ. ಕನ್ನಂಬಾಡಿ ಅಣೆಕಟ್ಟೆ 124.80 ಅಡಿ ತುಂಬಿತು. ಊರೆಲ್ಲ ಸಂಭ್ರಮ, ನನಗೂ. ಲಾಯದಲ್ಲಿ ಮಾತ್ರ ಹೊಸ ಕೆಲಸ. ಕೆಸರಿನಲ್ಲಿ ನಿಂತು ನಿಂತು ಬಲಗಾಲಿನ ಫ್ರಾಗಿನ ಸೀಳಿನಲ್ಲಿ ಕಪ್ಪು ಕೀವು, ಕೆಟ್ಟ ವಾಸನೆ. ನೆಟ್ಟನೆಯ, ಕಿರಿದಾದ ಗೊರಸಿನಲ್ಲಿ ಫ್ರಾಗ್ ಆಳದಲ್ಲಿ ಸಿಕ್ಕಿಕೊಂಡಿರುತ್ತದೆ, ಗಾಳಿ ಆಡುವುದಿಲ್ಲ. ಎಡದ್ದರಲ್ಲಿ ಈ ಕಾಟವಿಲ್ಲ. ಒಂದೇ ಕುದುರೆಯ ಎರಡು ಕಾಲಿಗೆ ಎರಡು ಋತುಗಳಲ್ಲಿ ಎರಡು ಬಗೆಯ ಕಷ್ಟ. ದಿನಕ್ಕೆರಡು ಸಲ ಕೆರೆದು, ತೊಳೆದು, ಒಣಗಿಸಿ, ಸೀಳಿಗೆ ಔಷಧಿಯ ಹತ್ತಿ ತುರುಕುತ್ತಿದ್ದೇವೆ. ಫ್ರಾಗ್ ನೋಯುವ ಕುದುರೆ ಹಿಮ್ಮಡಿ ಊರುವುದಿಲ್ಲ. ಹಿಮ್ಮಡಿ ಊರದಿದ್ದರೆ ಗಳಿಸಿದ್ದೆಲ್ಲ ಹೋಗುತ್ತದೆ.

ನೀರಿನ ತೊಟ್ಟಿಯ ಮುಂದೆ ನದಿಯ ದುಂಡು ಕಲ್ಲು ಹರಡಿಸಿದೆ. ಕುದುರೆ ದಿನದಲ್ಲಿ ಬಹಳ ಸಲ ಬಂದು ನಿಲ್ಲುವ ಜಾಗ ಅದು. ಗ್ರೀಸಿನ ಕ್ಸೆನೊಫೋನ್ ಸುಮಾರು 2,400 ವರ್ಷದ ಹಿಂದೆ ಬರೆದ ಕುದುರೆಯ ಪುಸ್ತಕದಲ್ಲಿ ಲಾಯದ ಅಂಗಳಕ್ಕೆ ಹಿಡಿಗಾತ್ರದ ದುಂಡು ಕಲ್ಲುಗಳನ್ನು ಗಾಡಿಗಟ್ಟಲೆ ಸುರಿಯಲು ಹೇಳಿದ್ದಾನೆ. ಕುದುರೆ ಕೊಳ್ಳುವವನು ಮೊದಲು ಕಾಲನ್ನು, ಅದರಲ್ಲೂ ಗೊರಸನ್ನು ನೋಡಬೇಕು ಎಂದು ಶುರುಮಾಡಿದವನೂ ಅವನೇ. ಅವನ ಕುದುರೆಗಳಿಗೆ ಮೊಳೆ ಹೊಡೆದ ಲಾಳ ಇರಲಿಲ್ಲ, ನೆಲವೇ ಗೊರಸನ್ನು ಗಟ್ಟಿ ಮಾಡಬೇಕಿತ್ತು. ಲಾಳವಿರುವ ಕಸ್ತೂರಿಗೂ ಆ ಕಲ್ಲಿನಿಂದ ಕೆಸರು ಬಿಟ್ಟು ನಿಲ್ಲುವ ಒಣ ಜಾಗ ಸಿಕ್ಕಿತು, ಫ್ರಾಗಿಗೆ ಸ್ವಲ್ಪ ಒತ್ತಡವೂ ಸಿಕ್ಕಿತು.

2024 ಸೆಪ್ಟೆಂಬರ್ 1, ಭಾನುವಾರ

ಎಡಗೊರಸಿನ ಹೊಸ ಕೊಂಬು ಮುಂತುದಿಯಲ್ಲಿ ನೆಲ ತಲುಪಿತು. ಹಳೆಯದರ ಕೊನೆಯ ಉಂಗುರವನ್ನು ಚಾಚಾ ಇವತ್ತು ಅರದಲ್ಲಿ ತೆಗೆದರು. ಹಿಮ್ಮಡಿ ಗಿಡ್ಡ ಇರುವುದರಿಂದ ಅಲ್ಲಿ ಹೊಸ ಕೊಂಬು ನಾಲ್ಕೈದು ತಿಂಗಳಿಗೇ ಬರುತ್ತದೆ, ಮುಂತುದಿಗೆ ಒಂದು ವರ್ಷ ಬೇಕು. ಗೊರಸಿನ ಕೆಲಸದಲ್ಲಿ ಆತುರಪಡುವವರಿಗೆ ನಾನು ಈ ಲೆಕ್ಕವನ್ನೇ ಹೇಳುವುದು. ಔಷಧಿಯಿಂದ ಇದನ್ನು ಬೇಗ ಮಾಡಲಾಗುವುದಿಲ್ಲ.

ಎಕ್ಸ್‌ರೇ ಮತ್ತೆ ತೆಗೆಸಿದೆ. ಎಡಗಾಲಿನ ಕಾಫಿನ್ ಮೂಳೆಯ ಹಿಂಭಾಗ ಎದ್ದಿದೆ. ಬಲಗಾಲಿನಷ್ಟಿಲ್ಲ, ಅಷ್ಟಾಗುವುದೂ ಇಲ್ಲ. ಎದುರಿನಿಂದ ನೋಡಿದವರಿಗೆ ಅವಳ ಗೊರಸುಗಳು ಇವತ್ತಿಗೂ ಬೇರೆ ಬೇರೆಯೇ. ಆದರೆ ಪಕ್ಕದಿಂದ ನೋಡಿದರೆ ಎರಡೂ ಕಾಲಿನಲ್ಲಿ ಗೆರೆ ಮುರಿಯದೆ ಇಳಿಯುತ್ತದೆ, ಎಡದ್ದು ಹೆಚ್ಚು ಓರೆಯಾಗಿ, ಬಲದ್ದು ನೆಟ್ಟಗೆ. ಅಡ್ಡ ಗೆರೆ ಎಳೆದು ಅಳೆದೆ, ಹಿಂದೆ ಮುಂದೆ ಸರಿಸಮ.

ಧೂಳಿಲ್ಲದ ಒದ್ದೆ ಹಾದಿಯಲ್ಲಿ ನಡೆಸಿದರು. ಹಿಮ್ಮಡಿಯ ಅಚ್ಚು ಪೂರ್ತಿ ಮೂಡಿತ್ತು. ದುಲ್ಕಿಯಲ್ಲಿ ಕಾಲು ಭುಜದಿಂದ ಬಿಚ್ಚಿಕೊಂಡು ಮುಂದೆ ಹೋಗುತ್ತದೆ. ಎಣ್ಣೆ ತಿಕ್ಕಿದವರು ನೋಡಬೇಕಿತ್ತು ಎಂದು ಮನಸಾರೆ ಅನ್ನಿಸಿತು, ಅವರು ಸಂತೋಷಪಡುತ್ತಿದ್ದರು. ಎಡಕ್ಕೆ ಸುತ್ತು ಬಿಟ್ಟೆವು, ಮೊದಲು ಮರಳಿನಲ್ಲಿ, ಆಮೇಲೆ ಗಟ್ಟಿ ನೆಲದಲ್ಲಿ. ಮರಳಿನಲ್ಲಿ ತಲೆ ಸ್ಥಿರ. ಗಟ್ಟಿ ನೆಲದಲ್ಲಿ ಮೊದಲ ಕೆಲವು ಸುತ್ತು ತುಸು ಎತ್ತಿದಳು, ಮೈ ಕಾದ ಮೇಲೆ ಅದೂ ಹೋಯಿತು.

ಬಲಗಾಲಿನ ಫ್ರಾಗ್ ಒಣಗಿದೆ. ಶಿಕ್ಷಕರಿಗೆ ಫೋನ್ ಮಾಡಿ ಮಕ್ಕಳನ್ನು ಕೂರಿಸಬಹುದು, ಮರಳಿನ ಅಂಗಳದಲ್ಲಿ ಮಾತ್ರ, ಸುತ್ತು ದೊಡ್ಡದಿರಲಿ ಎಂದೆ. ಚಾಚಾ ಹೊರಡುವಾಗ ಗೋಡೆಯ ಕ್ಯಾಲೆಂಡರಿನಲ್ಲಿ ಅಕ್ಟೋಬರ್ 6ಕ್ಕೆ ಗುರುತು ಹಾಕಿದರು. ಬೂದು ಕುದುರೆಗೂ ಅದೇ ದಿನ, ಅದನ್ನು ಇಲ್ಲಿಗೇ ನಡೆಸಿಕೊಂಡು ಬರುತ್ತಾರಂತೆ.